ಎಂಟು ಮೂಲೆಯ ವಾಚನಾಲಯ ಮತ್ತು ನನ್ನ ಗುಲಾಬಿ ತೋಟ

ಬಾಗಿಲಿಗೆ ನೋಟಿಸು ಅಂಟಿಸಲು ಬಂದವನು ಗೋಂದು ತಂದಿರಲಿಲ್ಲ. ‘ಅಕ್ಕಾರ, ಜರಾ ಗೋಂದಿನ ಡಬ್ಬಿ ಕೊಡ್ರಿ’ ಎಂದ. ಹರಿದ ಪುಸ್ತಕಗಳ ಬೆನ್ನಿಗೆ ಹಚ್ಚಲು ನಾನೇ ಕಲಸಿಟ್ಟ ಗೋಂದು. ಕೊಟ್ಟೆ. ಅವನು ಹೋದ ಮೇಲೆ ಹೊರಗೆ ಬಂದು ಓದಿದರೆ, ನನ್ನ ವಾಚನಾಲಯವನ್ನು ಕೆಡವುವ ಮಾತು ನನ್ನದೇ ಗೋಂದಿನಿಂದ ಅಂಟಿಕೊಂಡಿತ್ತು. ವಾಯವ್ಯ ಮೂಲೆಯ ತಳಪಾಯ ಕುಸಿಯುತ್ತಿದೆ, ಕಟ್ಟಡ ಶಿಥಿಲವಾಗಿದೆ, ಜನರ ಜೀವಕ್ಕೆ ಅಪಾಯವಿದೆ, ಕೆಡವಲು ವಾಚನಾಲಯದ ಕಮಿಟಿ ಅರ್ಜಿ ಕೊಟ್ಟಿದೆ, ತಕರಾರು ಇದ್ದವರು ಮೂವತ್ತು ದಿನಗಳೊಳಗೆ ಯಾದಗಿರಿಯ ಜಿಲ್ಲಾ ಕಚೇರಿಗೆ ಸಲ್ಲಿಸತಕ್ಕದ್ದು. ಹರಿದು ಹಾಕಬೇಕೆನಿಸಿತು. ಆದರೆ ನನ್ನ ಗೋಂದು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಒಳಗೆ ಹೋಗಿ ತಕರಾರು ಬರೆಯಲು ಕುಳಿತೆ.

ನಮ್ಮದು ಶಹಾಪುರದಿಂದ ಸುರಪುರಕ್ಕೆ ಹೋಗುವ ಹಾದಿಯ ಊರು. ಬಹಳ ಹಿಂದೆ ಹತ್ತಿ ವ್ಯಾಪಾರಿಯೊಬ್ಬರು ಊರವರ ಓದಿಗೆಂದು ಈ ಕಟ್ಟಡ ಕಟ್ಟಿಸಿ, ಹಿರಿಯರ ಒಂದು ಕಮಿಟಿಗೆ ಒಪ್ಪಿಸಿದ್ದರು. ಎಂಟು ಗೋಡೆ, ಎಂಟು ಮೂಲೆ, ನಡುವೆ ಒಂದೂ ಕಂಬವಿಲ್ಲ. ಮೂಲೆಗಳಿಂದ ಎದ್ದ ಎಂಟು ಕಲ್ಲಿನ ಕಮಾನುಗಳು ನೆತ್ತಿಯಲ್ಲಿ ಒಂದೇ ಕಲ್ಲಿಗೆ ಬಂದು ಕೂಡುತ್ತವೆ. ಅವುಗಳ ನಡುವೆ ಪರಸಿ ಕಲ್ಲು ಹಾಸಿ ಮೇಲೆ ಸುಣ್ಣದ ಗಚ್ಚು ಬಡಿದಿದ್ದಾರೆ. ಕಿಟಕಿಗಳೆಲ್ಲ ಆಳೆತ್ತರಕ್ಕಿಂತ ಮೇಲೆ, ಹಾಗಾಗಿ ಬೆಳಕು ಇಳಿಯುತ್ತದೆ, ಬಿಸಿಲು ಪುಸ್ತಕವನ್ನು ಮುಟ್ಟುವುದಿಲ್ಲ. ಪುಸ್ತಕಗಳಿಗೆ ಗೋಡೆಯ ದಪ್ಪದಲ್ಲೇ ಗೂಡು ಕೊರೆದಿದ್ದಾರೆ. ಬೇಸಿಗೆಯ ನಡುಮಧ್ಯಾಹ್ನ ಹೊರಗೆ ನಾಯಿ ಕೂಡ ಓಡಾಡದ ಹೊತ್ತಿನಲ್ಲಿ ಒಳಗೆ ಫ್ಯಾನಿಲ್ಲದೆ ಓದಬಹುದು. ಮುದುಕರು ಇನ್ನೂ ಅದನ್ನು ಉರ್ದುವಿನಲ್ಲಿ ಕುತುಬ್‌ಖಾನಾ ಎನ್ನುತ್ತಾರೆ. ಮನೆಯಲ್ಲಿ ಕೂರಲು ಜಾಗವಿಲ್ಲದ ಹುಡುಗಿಯರು ಅಲ್ಲಿ ಕುಳಿತು ಪರೀಕ್ಷೆಗೆ ಓದಿ ಟೀಚರಾಗಿದ್ದಾರೆ, ನರ್ಸಾಗಿದ್ದಾರೆ. ಕಾಲುವೆಗೆ ಮೊದಲ ನೀರು ಬಂದ ವರ್ಷ ನಾನು ಇಲ್ಲಿ ಲೈಬ್ರೇರಿಯನ್ ಆಗಿ ಕೆಲಸಕ್ಕೆ ಸೇರಿದ್ದೆ. ನೋಟಿಸು ಬಂದಾಗ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಕಟ್ಟಡದ ವಾಯವ್ಯಕ್ಕೆ ನನ್ನ ಗುಲಾಬಿ ತೋಟ. ಅದರ ಬಗ್ಗೆ ನನಗೆ ಜಂಬವಿತ್ತು. ನಮ್ಮಲ್ಲಿ ಪುಸ್ತಕ ತಡವಾಗಿ ತಂದವರು ದಂಡ ಕಟ್ಟುತ್ತಿರಲಿಲ್ಲ. ತಡವಾದ ದಿನಕ್ಕೊಂದರಂತೆ ಬೋರಿನ ಕೈಪಂಪಿನಿಂದ ಕೊಡ ನೀರು ಹೊಡೆದು ತೋಟಕ್ಕೆ ಹಾಕಬೇಕು. ನಾನೇ ಮಾಡಿದ ನಿಯಮ. ತಲೆತಲಾಂತರದಿಂದ ನೀರಿಗೆ ಬಾಯಿಬಿಟ್ಟ ಊರಿಗೆ ಕಾಲುವೆ ಬಂದು ಬೋರು ತುಂಬಿದ ಮೇಲೆ ನೀರು ಹಾಕುವುದೇ ಒಂದು ಖುಷಿಯಾಗಿತ್ತು. ಕೆಲವರು ಬೇಕಂತಲೇ ತಡ ಮಾಡಿ ಬರುತ್ತಿದ್ದರು.

ಅದೇ ದಿನ ಸಂಜೆ ಕಮಿಟಿಯ ಅಧ್ಯಕ್ಷರನ್ನು ಅವರ ಅಡತಿ ಅಂಗಡಿಯಲ್ಲಿ ಕಂಡೆ. ಹತ್ತಿ ಮೂಟೆಗಳ ನಡುವೆ ಕುಳಿತಿದ್ದರು. ಪಕ್ಕದಲ್ಲಿ ಒಬ್ಬ ಬಿಲ್ಡರ್ ಇದ್ದ, ಕೆಡವಿದ ಜಾಗದಲ್ಲಿ ಹೊಸದು ಕಟ್ಟಲು ಬಂದವನು.

‘ಏನ್ರಿ ಇದು? ಕೆಡವೋದು ನಿಮಗ ಗೊತ್ತದ, ನನಗ ಗೊತ್ತಿಲ್ಲ?’ ಎಂದೆ.

‘ಅಕ್ಕಾರ, ಗ್ವಾಡಿ ಬಿರುಕು ಬಿಟ್ಟದ. ನಾಳೆ ಯಾವ್ದರ ಹುಡುಗಿ ಮ್ಯಾಗ ಬಿದ್ರ ಜವಾಬ್ದಾರಿ ಯಾರ್ದು? ನಿಮ್ದೇನು?’ ಎಂದರು ಅಧ್ಯಕ್ಷರು.

ಬಿಲ್ಡರ್ ನಕ್ಷೆ ಬಿಚ್ಚಿದ. ಮೂರಂತಸ್ತಿನ ಕಾಂಪ್ಲೆಕ್ಸ್. ಕೆಳಗೆ ಮಳಿಗೆಗಳು, ನಡುವೆ ಕಚೇರಿಗಳು, ಎಲ್ಲಕ್ಕಿಂತ ಮೇಲೆ ಒಂದು ಹಾಲ್. ‘ಅದು ನಿಮ್ದೇ ಲೈಬ್ರರಿ ಮೇಡಂ. ಲಿಫ್ಟ್ ಹಾಕಿ ಕೊಡ್ತೀವಿ. ಎ.ಸಿ. ಕೂಡ.’

‘ಕರೆಂಟು ಹೋದಾಗ ನನ್ನ ಮುದುಕರನ್ನ ನೀವ್ ಹೊತ್ಕೊಂಡು ಹೋಗ್ತೀರೇನ್ರಿ ಮ್ಯಾಲ?’ ಎಂದು ಕೇಳಿದೆ. ಅವನು ನಕ್ಕ. ಅಧ್ಯಕ್ಷರು ನಗಲಿಲ್ಲ. ಅವರು ಕೆಟ್ಟವರಲ್ಲ. ಚಿಕ್ಕಂದಿನಲ್ಲಿ ಅದೇ ಕಟ್ಟಡದಲ್ಲಿ ಓದಿದವರು, ಬಿರುಕಿಗೆ ನಿಜಕ್ಕೂ ಹೆದರಿದ್ದರು. ಆ ಹೆದರಿಕೆಯ ಮೇಲೆಯೇ ಬಿಲ್ಡರ್ ಮೂರಂತಸ್ತು ಎಬ್ಬಿಸಲು ಹೊರಟಿದ್ದ.

ಮೊದಲ ವಾರ ಸಹಿ ಸಂಗ್ರಹಿಸಿದೆ. ಎಲ್ಲರೂ ಸಹಿ ಮಾಡಿದರು. ಮಳಿಗೆಗೆ ಆಗಲೇ ಹೆಸರು ಬರೆಸಿದ್ದವರೂ ಮುಖ ನೋಡಿ ಸಹಿ ಮಾಡಿದರು. ದಪ್ಪ ಕಟ್ಟು ಹಿಡಿದು ಬಸ್ಸಿನಲ್ಲಿ ಯಾದಗಿರಿಗೆ ಹೋದೆ. ಅಲ್ಲಿನ ಅಧಿಕಾರಿ ಕಟ್ಟನ್ನು ತೂಗಿ ನೋಡುವವರಂತೆ ಕೈಯಲ್ಲಿ ಎತ್ತಿ ಹಿಡಿದು ವಾಪಸ್ ಕೊಟ್ಟರು.

‘ನಿಮ್ಮ ಅಭಿಮಾನ ತಿಳಿಯಿತು. ಆದರೆ ಗೋಡೆ ನಿಂತಿರುವುದು ಅಭಿಮಾನದ ಮೇಲಲ್ಲ. ಅವರು ಎಂಜಿನಿಯರ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ನೀವೂ ಒಂದು ತನ್ನಿ’ ಎಂದರು. ಅವರು ಮೈಸೂರಿನ ಕಡೆಯವರು, ಮಾತು ಮೆತ್ತಗಿತ್ತು. ಏಟು ಮಾತ್ರ ಮೆತ್ತಗಿರಲಿಲ್ಲ. ಸಿಟ್ಟಿನಲ್ಲೇ ಹೊರಬಂದೆ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ, ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಎನ್ನುವುದು ಹೊಳೆದು ಇನ್ನೂ ಸಿಟ್ಟು ಬಂತು.

ಶಹಾಪುರದಲ್ಲಿ ಕಾಲುವೆ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಒಬ್ಬರಿದ್ದರು, ನಮ್ಮ ಹಳೆಯ ಓದುಗರು. ಅವರಿಗೆ ಹೇಳಿಕಳಿಸಿದೆ. ಮೂರು ದಿನದ ಮೇಲೆ ಗೋಡೆ ಕಟ್ಟುವ ತಮ್ಮ ಹಳೆಯ ಗೌಂಡಿಯನ್ನು ಕರೆದುಕೊಂಡು ಬಂದರು. ಗೌಂಡಿ ತೂಕದ ಗುಂಡು ಇಳಿಬಿಟ್ಟು ಎಂಟೂ ಗೋಡೆ ನೋಡಿದ. ಏಳು ನೆಟ್ಟಗಿದ್ದವು. ವಾಯವ್ಯದ ಗೋಡೆಯ ಬಿರುಕಿನ ಮೇಲೆ ಎಂಜಿನಿಯರ್ ಸಾಹೇಬರು ಮೂರು ಕಡೆ ಬೆರಳಗಲದ ತೆಳು ಗಾಜಿನ ಪಟ್ಟಿ ಅಡ್ಡ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ಪಕ್ಕದಲ್ಲಿ ತಾರೀಖು ಬರೆದರು.

‘ಇದು ನಮ್ಮ ಸಾಕ್ಷಿ. ಬಿರುಕು ಹಳೇದಿದ್ರ ಗಾಜು ಹಂಗೇ ಇರ್ತದ. ಗ್ವಾಡಿ ಇನ್ನೂ ಮಿಸುಕಾಡ್ಲಾಕತ್ತಿದ್ರ ಗಾಜು ಒಡೀತದ. ಹದಿನೈದು ದಿನಕ್ಕ ಬರ್ತೀನಿ’ ಎಂದರು.

ಆ ಹದಿನೈದು ದಿನದಲ್ಲಿ ಯಾದಗಿರಿಯ ಅಧಿಕಾರಿ ಜಾಗ ನೋಡಲು ಬರಬಹುದೆಂಬ ಸುದ್ದಿ ಬಂತು. ನಾನು ಸುಮ್ಮನೆ ಕೂರುವವಳೇ? ನೆಲ ಒರೆಸಿದೆ, ಗೂಡುಗಳ ಧೂಳು ಹೊಡೆದೆ, ಓದುಗರಿಗೆಲ್ಲ ಹೇಳಿ ತೋಟಕ್ಕೆ ದಿನಾ ಹತ್ತಾರು ಕೊಡ ಹೆಚ್ಚಿಗೆ ನೀರು ಹಾಕಿಸಿದೆ. ಗುಲಾಬಿ ಎಂದೂ ಬಿಡದಷ್ಟು ಹೂ ಬಿಟ್ಟಿತು. ಎಂಟನೇ ದಿನ ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಕೆಳಗಿನ ಗಾಜು ಎರಡು ತುಂಡಾಗಿತ್ತು. ಎರಡು ದಿನಕ್ಕೆ ನಡುವಿನದೂ ಒಡೆಯಿತು.

ಬಿಲ್ಡರ್ ಸುಳ್ಳುಗಾರ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಈಗ ನಾನೇ ಕರೆಸಿದ ಸಾಕ್ಷಿ ಅವನ ಪರವಾಗಿ ಮಾತಾಡಿತ್ತು. ಸುದ್ದಿ ಅವನಿಗೂ ಮುಟ್ಟಿತು. ಮಧ್ಯಾಹ್ನವೇ ಬಂದು ಗಾಜಿನ ಫೋಟೋ ತೆಗೆದುಕೊಂಡ. ‘ನಿಮ್ಮ ಎಂಜಿನಿಯರ್‌ಗೆ ಥ್ಯಾಂಕ್ಸ್ ಹೇಳ್ರಿ ಮೇಡಂ, ನಮ್ಮ ಕೆಲಸ ಹಗುರ ಮಾಡ್ಯಾರ’ ಎಂದ. ನಾನು ಅವನಿಗೆ ಲೈಬ್ರರಿಯಲ್ಲಿ ಗಟ್ಟಿಯಾಗಿ ಮಾತಾಡಬಾರದು ಎಂಬ ಬೋರ್ಡು ತೋರಿಸಿದೆ. ಅಷ್ಟೇ ನನ್ನಿಂದಾಗಿದ್ದು.

ಎಂಜಿನಿಯರ್ ಸಾಹೇಬರು ಬಂದವರು ಗಾಜಿಗಿಂತ ಹೆಚ್ಚು ಹೊತ್ತು ಬಿರುಕನ್ನೇ ನೋಡಿದರು. ಕೆಳಗೆ ಬೆರಳು ತೂರುವಷ್ಟು ಅಗಲ. ಮೇಲೆ ಹೋದಂತೆ ಸಣ್ಣದಾಗಿ, ಕಿಟಕಿಯ ಹತ್ತಿರ ಕೂದಲಿನಷ್ಟಾಗಿ ಮುಗಿಯುತ್ತಿತ್ತು. ಮೇಲಿನ ಗಾಜು ಒಡೆದಿರಲಿಲ್ಲ.

‘ಅವರ ಸರ್ಟಿಫಿಕೇಟ್‌ನ್ಯಾಗ ಏನ್ ಬರದಾರ?’

‘ಮೂಲಿ ಕುಸಿಯಾಕತ್ತದ ಅಂತ.’

‘ಮೂಲಿ ಕುಸಿದ್ರ ಬಿರುಕು ಮ್ಯಾಗ ಅಗಲಿರ್ಬೇಕು, ಕೆಳಗ ಸಣ್ಣ. ಇಲ್ಲಿ ಉಲ್ಟಾ ಅದ. ಇದು ಇಳಿಯಾಕತ್ತಿಲ್ಲ ಅಕ್ಕಾರ, ಏಳಾಕತ್ತದ. ಕೆಳಗಿಂದ ಯಾವ್ದೋ ಇದನ್ನ ಎತ್ತಾಕತ್ತದ.’ ಸಾಹೇಬರು ಗೋಡೆಯನ್ನು ಅಂಗೈಯಿಂದ ಬಡಿದರು. ‘ಹೊರಗಿನ ಮಗ್ಗಲು ಅಗಿಬೇಕು.’

ಹೊರಗಿನ ಮಗ್ಗುಲೆಂದರೆ ನನ್ನ ತೋಟ. ಗೌಂಡಿ ಎರಡು ಗುಲಾಬಿ ಗಿಡ ಕಿತ್ತು ಬದಿಗಿಟ್ಟು ಗುಂಡಿ ತೆಗೆದ. ಬಂದದ್ದು ಕಪ್ಪು ಎರೆಮಣ್ಣು, ಹಿಡಿದರೆ ಬೆಣ್ಣೆಯ ಹಾಗೆ ಬೆರಳ ಸಂದಿಯಲ್ಲಿ ಹೊರಬರುತ್ತಿತ್ತು. ಸೊಂಟದಾಳಕ್ಕೆ ಹೋಗುವಷ್ಟರಲ್ಲಿ ಗುಂಡಿಯಲ್ಲಿ ನೀರು ನಿಂತಿತು. ಅದರ ಹೊರ ಅಂಚಿಗೆ ಸಲಿಕೆ ಕಲ್ಲಿಗೆ ತಾಗಿ ಠಣ್ ಎಂದಿತು. ಕೆತ್ತಿದ ಕಲ್ಲಿನ ಗೋಡೆ, ಕಟ್ಟಡದ ಸುತ್ತ ಹೋಗುವಂಥದ್ದು.

‘ಇದು ಖಂದಕ ಅದರೀ!’ ಎಂದು ಗೌಂಡಿ ಕೂಗಿದ. ‘ನಮ್ಮ ಹಳೇ ಮಂದಿ ಎರಿ ಭೂಮ್ಯಾಗ ಕಲ್ಲಿನ ಮನಿ ಕಟ್ಟಿದ್ರ ಸುತ್ತ ಹಿಂಗ ಖಾಲಿ ಬಿಡ್ತಿದ್ರು. ಎರಿ ನೀರು ಕುಡದ್ರ ಉಬ್ಬತದ, ಒಣಗಿದ್ರ ಬಿರೀತದ. ಅದು ಗ್ವಾಡಿ ಮೈಗೆ ಹತ್ತಬಾರದು, ಅದಕ್ಕ. ಅಲ್ರೀ, ಯಾವ ಮೂಳ ಇದನ್ನ ಮುಚ್ಯಾನ? ಅದೂ ಎರಿ ಮಣ್ಣ್ ಹಾಕಿ?’

ನಾನು ಗುಂಡಿಯ ದಂಡೆಯ ಮೇಲೆ ಕುಳಿತುಬಿಟ್ಟೆ. ಮುಚ್ಚಿದ ಮೂಳ ನಾನೇ.

ಕಾಲುವೆಯ ಮೊದಲ ವರ್ಷ ಸುತ್ತಲ ಹೊಲಗಳು ಗದ್ದೆಯಾದವು. ಖಂದಕದಿಂದ ಹಳ್ಳಕ್ಕೆ ನೀರು ಹೋಗುವ ಮೋರಿ ಕಟ್ಟಿಕೊಂಡು ನೀರು ನಿಂತಿತು, ಸೊಳ್ಳೆ ಆಯಿತು. ಓದುವ ಮಕ್ಕಳಿಗೆ ಜ್ವರ ಬಂತು. ಆಗ ರೈತರು ನೆಲ ಮಟ್ಟ ಮಾಡಿ ಗದ್ದೆ ಕಟ್ಟುತ್ತಿದ್ದರು, ಹೆಚ್ಚಾದ ಮಣ್ಣು ಯಾರಿಗೆ ಬೇಕೆಂದು ಕೇಳುತ್ತಿದ್ದರು. ಬೆಳೆ ಕೊಡುವ ಎರೆಮಣ್ಣಿಗಿಂತ ಒಳ್ಳೆಯ ಕಾಣಿಕೆ ನಮ್ಮವರಿಗೆ ಗೊತ್ತಿರಲಿಲ್ಲ. ಬಂಡಿಗಟ್ಟಲೆ ತಂದು ಸುರಿದರು. ಸುತ್ತಲೂ ನೆಲಮಟ್ಟಕ್ಕೆ ತುಂಬಿಸಿ, ವಾಯವ್ಯಕ್ಕೆ ತೋಟ ಮಾಡಿದೆ. ಮೇಲಿಂದ ಊರೆಲ್ಲ ಸೇರಿ ವರ್ಷಾನುಗಟ್ಟಲೆ ಕೊಡ ನೀರು ಕುಡಿಸಿದ್ದೆವು. ಯಾರನ್ನೂ ನಾನು ಒಂದು ಮಾತು ಕೇಳಲಿಲ್ಲ. ಹೊಸ ಕೆಲಸ, ಹೊಸ ನೀರು, ಹೊಸ ಹುರುಪು. ಅಷ್ಟು ಜಂಬದಿಂದ ಮಾಡಿದ ಕೆಲಸವೇ ಗೋಡೆ ಸೀಳಿತ್ತು. ನಾಚಿಕೆಯಿಂದ ಅತ್ತೆ. ಗೌಂಡಿ ಗಾಬರಿಯಾಗಿ ‘ನಾ ಸುಮ್ನ ಅಂದೇರಿ ಅಕ್ಕಾರ’ ಎಂದ.

ಎಂಜಿನಿಯರ್ ಸಾಹೇಬರು ಒಂದು ದಾರಿ ಹೇಳಿದರು. ‘ಹೆಂಗೋ ನೀರು ಸೇರ್ಯದ ಅಂತ ಬರೀತೀನಿ. ಯಾರು, ಯಾವಾಗ ಅಂತ ಬ್ಯಾಡ.’

‘ಸಾಕಾಗ್ತದೇನ್ರಿ ಅದು?’

ಅವರು ಕನ್ನಡಕ ಒರೆಸಿದರು. ‘ಖರೇ ಹೇಳ್ಬೇಕಂದ್ರ ಸಾಕಾಗೋದಿಲ್ಲ. ಬಿಲ್ಡರ್ ಏನಂತಾನ? ಭೂಮಿನೇ ನೀರು ಹಿಡದು ಜವಳು ಆಗ್ಯದ, ಕಾಲುವಿ ನೀರು, ಯಾರ ಕೈಯಾಗೂ ಇಲ್ಲ ಅಂತಾನ. ಖಂದಕ ಇತ್ತು, ಅದು ಮುಚ್ಚಿದ್ಮ್ಯಾಲೇ ಬಿರುಕು ಬಂತು ಅನ್ನೋದಕ್ಕ ಸಾಕ್ಷಿ ಬೇಕು. ಆದ್ರ ನೀವು ಬರಕೊಟ್ರ ಕಮಿಟಿ ನಿಮ್ಮನ್ನ ಇಟ್ಕೊಳ್ಳೋದಿಲ್ಲ.’

ಅದು ನಿಜ. ಆಸ್ತಿಗೆ ಹಾನಿ ಮಾಡಿದ ಲೈಬ್ರೇರಿಯನ್ ಎಂದು ನಾನೇ ಬರೆದುಕೊಡುವುದು. ಆ ಮೇಜು, ಆ ಕುರ್ಚಿ ಬಿಟ್ಟರೆ ನನಗೆ ಊರಿನಲ್ಲಿ ಬೇರೆ ಗುರುತೇ ಇರಲಿಲ್ಲ. ನಿವೃತ್ತಿಯ ದಿನ ಒಂದು ಶಾಲು, ಹಾರ, ಹಳೆಯ ಓದುಗರ ನಾಲ್ಕು ಒಳ್ಳೆಯ ಮಾತು ಬೇಕೆಂದು ನನಗೂ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಗುಂಡಿಯ ದಂಡೆಯಿಂದ ಎದ್ದು ಒಳಗೆ ಹೋದೆ. ಹುಡುಗಿಯರು ತಲೆ ಎತ್ತದೆ ಓದುತ್ತಿದ್ದರು. ನೆತ್ತಿಯ ಕಲ್ಲು ಎಂಟು ಕಮಾನಿನ ಭಾರ ಹೊತ್ತು, ನಾನು ಬುಡದಲ್ಲಿ ಮಾಡಿದ ಅನಾಹುತವನ್ನೂ ತಡೆದುಕೊಂಡು ನಿಂತಿತ್ತು. ತಪ್ಪು ನನ್ನದು, ಉರುಳಬೇಕಾದದ್ದು ಮಾತ್ರ ಅದು. ಯಾವ ನ್ಯಾಯ? ಕಾಗದ ತೆಗೆದುಕೊಂಡು ಅಲ್ಲೇ ಬರೆದೆ: ಖಂದಕ ಇತ್ತು, ನಾನು ಮುಚ್ಚಿಸಿದೆ, ಎರೆಮಣ್ಣಿನಿಂದ ಮುಚ್ಚಿಸಿದೆ, ಅದರ ಮೇಲೆ ಇಷ್ಟು ವರ್ಷ ನೀರು ಹಾಕಿಸಿದೆ, ಅದಕ್ಕೆ ಮೊದಲು ಗೋಡೆಯಲ್ಲಿ ಬಿರುಕು ಇರಲಿಲ್ಲ. ಕೆಳಗೆ ದೊಡ್ಡ ಅಕ್ಷರದಲ್ಲಿ ಸಹಿ ಮಾಡಿದೆ.

ಯಾದಗಿರಿಯ ಕಚೇರಿಯಲ್ಲಿ ವಿಚಾರಣೆಯ ದಿನ ಅಧ್ಯಕ್ಷರು, ಬಿಲ್ಡರ್, ಎಂಜಿನಿಯರ್ ಸಾಹೇಬರು, ನಾನು. ಅಧಿಕಾರಿ ನನ್ನ ಕಾಗದವನ್ನು ಎರಡು ಸಲ ಓದಿದರು. ಬಿಲ್ಡರ್ ಮೊದಲು ಬಾಯಿ ತೆರೆದ.

‘ಸರ್, ಕೆಡಿಸಿದವರೇ ಈಗ ಉಳಿಸ್ರಿ ಅಂತ ಬಂದಾರ. ಇದಕ್ಕ ಏನ್ ಬೆಲಿ ಸರ್?’

ನಾನು ಎದ್ದು ನಿಂತೆ. ‘ಹೌದ್ರಿ, ಕೆಡಿಸಿದಾಕಿ ನಾನೇ. ಬರದುಕೊಟ್ಟೀನಿ. ಶಿಕ್ಷಾ ನನಗ ಕೊಡ್ರಿ. ಅದಕ್ಯಾಕ ಕೊಡ್ತೀರಿ? ಅದೇನ್ ತಪ್ಪು ಮಾಡ್ಯದ? ನಾ ಇಷ್ಟು ವರ್ಷ ಬುಡಕ್ಕ ನೀರು ಹಾಕಿ ಎತ್ತಿದ್ರೂ ಒಂದು ಕಲ್ಲು ಕೆಳಗ ಹಾಕಿಲ್ಲ ಅದು. ನಿಮ್ಮ ಕಾಂಪ್ಲೆಕ್ಸ್‌ಗೆ ಹಂಗ ಮಾಡಿ ನೋಡ್ರಿ, ನಿಂದರ್ತದೇನು!’

ಅಧಿಕಾರಿ ಅಧ್ಯಕ್ಷರತ್ತ ತಿರುಗಿ, ಅಲ್ಲಿ ಖಂದಕ ಇದ್ದದ್ದು ನಿಜವೇ ಎಂದು ಕೇಳಿದರು. ಅಧ್ಯಕ್ಷರು ಬಿಲ್ಡರನ ಮುಖ ನೋಡಿದರು, ನೆಲ ನೋಡಿದರು.

‘ಇತ್ರಿ ಸಾಹೇಬ್ರ. ಸಣ್ಣವರಿದ್ದಾಗ ಅದರಾಗ ಅಡಗಿ ಆಟ ಆಡೀವಿ. ಮುಂದ ತೋಟ ಆದ್ಮ್ಯಾಲ ನಾನೂ ತಡ ಮಾಡಿ ಬಂದು ಕೊಡ ಹಾಕೀನ್ರಿ.’

ಅಧಿಕಾರಿ ಮೊದಲ ಸಲ ನಕ್ಕರು. ಆದರೆ ಕಟ್ಟಡ ಉಳಿಸಿದೆನೆಂದು ಹೇಳಲಿಲ್ಲ. ಖಂದಕ ತೆಗೆಯಿರಿ, ಮಳೆಗಾಲ ಮುಗಿಯಲಿ, ಅಲ್ಲಿಯವರೆಗೆ ಯಾರೂ ಕಲ್ಲು ಮುಟ್ಟಬಾರದು, ಆಮೇಲೆ ನಾನೇ ಬಂದು ಗಾಜು ನೋಡುತ್ತೇನೆ ಎಂದರು. ಮರುವಾರ ಕಮಿಟಿ ನನ್ನನ್ನು ಕೆಲಸದಿಂದ ತೆಗೆಯಿತು. ಆದೇಶ ತಂದುಕೊಟ್ಟ ಅಧ್ಯಕ್ಷರು ‘ಬ್ಯಾರೆ ದಾರಿ ಇರಲಿಲ್ರಿ ಅಕ್ಕಾರ’ ಎಂದರು. ಬೀಗದ ಕೈ ಅವರ ಕೈಗಿಟ್ಟು, ಓದುಗರ ಚೀಟಿ ಬರೆಸಿಕೊಂಡು ಅವತ್ತೇ ಒಳಗೆ ಬಂದು ಕುಳಿತೆ. ಓದುಗರಾಗಿ ಬರುವುದನ್ನು ಯಾವ ಆದೇಶ ತಡೆಯುತ್ತದೆ?

ಮಣ್ಣು ತೆಗೆಯುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಒಮ್ಮೆಗೇ ತೆಗೆದರೆ ಒಂದು ಕಡೆ ಬೇಗ ಒಣಗಿ ಗೋಡೆ ತಟ್ಟನೆ ಇಳಿಯಬಹುದು ಎಂದು ಎಂಜಿನಿಯರ್ ಸಾಹೇಬರು ಹೆದರಿಸಿದರು. ಒಂದು ಗಜ ತೆಗೆಯುವುದು, ಒಂದು ಗಜ ಬಿಡುವುದು. ಹತ್ತು ದಿನ ತಾಳಿ ಉಳಿದದ್ದನ್ನು ತೆಗೆಯುವುದು. ಬಿರುಕಿನ ಎರಡೂ ಕಡೆ ಒಂದೊಂದು ಮೊಳೆ ಹೊಡೆದು ವಾರವಾರ ನಡುವಿನ ಅಂತರ ಅಳೆಯುತ್ತಿದ್ದರು. ಮೊದಲ ದಿನ ನಾನೊಬ್ಬಳೇ ಬುಟ್ಟಿ ಹಿಡಿದು ಇಳಿದೆ. ಮೂರನೇ ದಿನಕ್ಕೆ ಸಲಿಕೆ ಹಿಡಿದವರು ಹತ್ತು ಜನ, ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಪುಸ್ತಕ ತಡ ಮಾಡಿದವರು. ‘ಹಾಕಿದವರೇ ತಗೀಬೇಕಲ್ರಿ’ ಎಂದು ನಗುತ್ತ ಇಳಿದರು. ಗುಲಾಬಿ ಗಿಡಗಳನ್ನು ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದರು. ಮೋರಿಯ ಬಾಯಿ ಬಿಚ್ಚಿದಾಗ ಕಪ್ಪು ನೀರು ಎರಡು ದಿನ ಹಳ್ಳಕ್ಕೆ ಹರಿಯಿತು. ಮೊಳೆಗಳ ಅಂತರ ಒಂದೊಂದು ಕೂದಲಿನಷ್ಟು ಕಡಿಮೆಯಾಗುತ್ತ ಬಂದು, ಕೊನೆಗೆ ಒಂದು ಕಡೆ ನಿಂತಿತು. ಆಗ ಹೊಸ ಗಾಜು ಮೆತ್ತಿದರು.

ಆ ವರ್ಷ ಮಳೆ ಬಿಟ್ಟೂಬಿಡದೆ ಹೊಡೆಯಿತು. ಬಿಲ್ಡರ್ ವಾರಕ್ಕೊಮ್ಮೆ ಕಾರು ನಿಲ್ಲಿಸಿ ಕಿಟಕಿಯಿಂದಲೇ ಕೇಳುತ್ತಿದ್ದ: ‘ಗಾಜು ಹೆಂಗ್ ಅದರಿ ಮೇಡಂ?’ ‘ನಿಮ್ಮ ಕಾರಿನ ಗಾಜಿಗಿಂತ ಗಟ್ಟಿ ಅದ, ಇಳದು ನೋಡ್ರಿ’ ಎನ್ನುತ್ತಿದ್ದೆ. ಬಾಯಿ ಜೋರು, ಒಳಗೆ ಪುಕುಪುಕು. ದಿನಾ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ನಿಂತಿರುತ್ತಿದ್ದೆ. ಪುಸ್ತಕ ಮುಟ್ಟುವ ಮೊದಲು ಆ ಮೂರು ಗಾಜು ಮುಟ್ಟಿ ನೋಡುತ್ತಿದ್ದೆ.

ಮಳೆ ಮುಗಿದು ಜೋಳ ಬಿತ್ತುವ ಹೊತ್ತಿಗೆ ಅಧಿಕಾರಿ ಬಂದರು. ಖಂದಕದ ಸುತ್ತ ಒಂದು ಸುತ್ತು ಹಾಕಿದರು. ಒಳಗೆ ಬಂದು ಮೂರೂ ಗಾಜನ್ನು ಬೆರಳಿನಿಂದ ತಡವಿದರು. ಮೂರೂ ಇಡಿಯಾಗಿದ್ದವು. ಆಮೇಲೆ ಅವರು ಒಂದು ಗೂಡಿನಿಂದ ಪುಸ್ತಕ ತೆಗೆದುಕೊಂಡು ಸ್ವಲ್ಪ ಹೊತ್ತು ಓದುತ್ತ ಕುಳಿತರು. ಹದಿನೈದು ದಿನಕ್ಕೆ ಆದೇಶ ಬಂತು: ಕಟ್ಟಡ ಗಟ್ಟಿಯಾಗಿದೆ, ಕೆಡವುವ ಅರ್ಜಿ ತಿರಸ್ಕರಿಸಲಾಗಿದೆ, ಬಿರುಕನ್ನು ಸುಣ್ಣದ ಗಾರೆಯಿಂದ ಮುಚ್ಚತಕ್ಕದ್ದು. ಅದನ್ನು ಬಾಗಿಲಿಗೆ ಅಂಟಿಸಲು ಗೋಂದು ಕಲಸಿಕೊಟ್ಟವಳೂ ನಾನೇ.

ನನ್ನ ಕೆಲಸ ವಾಪಸ್ ಬರಲಿಲ್ಲ. ಶಾಲೂ ಇಲ್ಲ, ಹಾರವೂ ಇಲ್ಲ. ಈಗ ಆ ಕುರ್ಚಿಯಲ್ಲಿ ಹಿಂದೆ ಅಲ್ಲೇ ಓದಿದ ಹುಡುಗಿಯೊಬ್ಬಳು ಕೂರುತ್ತಾಳೆ. ನಿಯಮ ಬದಲಿಸಿದ್ದಾಳೆ. ಪುಸ್ತಕ ತಡ ಮಾಡಿದವರು ಇನ್ನು ನೀರು ಹಾಕುವಂತಿಲ್ಲ, ದಿನಕ್ಕೊಂದು ಬುಟ್ಟಿಯಂತೆ ಖಂದಕಕ್ಕೆ ಜಾರಿ ಬಿದ್ದ ಮಣ್ಣು ಎತ್ತಿ ಹೊರಗೆ ಹಾಕಬೇಕು. ವಯಸ್ಸಾದವರಿಗೆ ಮಾಫಿ ಇದೆ ಎಂದು ಬೋರ್ಡಿನಲ್ಲಿ ಬರೆದಿದ್ದಾಳೆ. ಅದು ನನಗಾಗಿ ಬರೆದದ್ದು ಎನ್ನುವುದು ನನಗೆ ಗೊತ್ತು.

ಹೋದ ವಾರ ಪುಸ್ತಕ ವಾಪಸ್ ಕೊಡಲು ಹೋದಾಗ ಅವಳು ತಾರೀಖು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡಳು.

‘ಅಕ್ಕಾರ, ಮತ್ತ ನಾಕ್ ದಿನ ತಡ! ಬೇಕಂತಲೇ ಮಾಡ್ತೀರಿ ನೀವು. ನಿಮಗ ಮಾಫಿ ಅದ, ಕೂಡ್ರಿ ಸುಮ್ನ.’

‘ಮಾಫಿ ನಿನ್ನ ಹತ್ರನೇ ಇಟ್ಕೋ. ಬುಟ್ಟಿ ಎಲ್ಲದ?’ ಎಂದೆ.